ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಸವೆದ ರಿಡಕ್ಷನ್ ಗೇರ್‌ಬಾಕ್ಸ್: ಬಿಚ್ಚಿ, ಅಳೆದು, ಮತ್ತೆ ಕಟ್ಟುವ ಬಗೆ

ಗೇರ್‌ಬಾಕ್ಸ್ ಕಿರುಗುಟ್ಟಲು ಶುರುವಾದರೆ ಹೆಚ್ಚಿನವರು ಮೊದಲು ಹುಡುಕುವುದು ಹೊಸ ಗೇರನ್ನು. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಎರಡು ಹೊಸ ಗೇರ್ ತರಿಸಿ, ಹಳೆಯ ಬೇರಿಂಗುಗಳ ಮೇಲೆಯೇ ಕೂರಿಸಿ, ಕವರ್ ಮುಚ್ಚಿ, ಕೈ ತೊಳೆದುಕೊಂಡೆ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಮತ್ತೆ ಅದೇ ಸದ್ದು. ಬಿಚ್ಚಿ ನೋಡಿದರೆ ಹೊಸ ಹಲ್ಲುಗಳೆಲ್ಲ ಒಂದೇ ಅಂಚಿನಲ್ಲಿ ಸವೆದು ಕನ್ನಡಿಯಂತೆ ಹೊಳೆಯುತ್ತಿದ್ದವು, ಇನ್ನೊಂದು ಅಂಚು ಮುಟ್ಟಿಯೇ ಇರಲಿಲ್ಲ. ಬೇರಿಂಗ್ ಸಡಿಲವಿದ್ದರಿಂದ ಶಾಫ್ಟ್ ಓರೆಯಾಗಿ ಓಡಿತ್ತು.

ಈ ಕೆಲಸದಲ್ಲಿ ಗೇರ್ ಬಹುಪಾಲು ಸಂದರ್ಭದಲ್ಲಿ ಅಪರಾಧಿಯಲ್ಲ, ಪೆಟ್ಟು ತಿಂದವನು. ಬ್ರೀದರ್ (ಪೆಟ್ಟಿಗೆಯೊಳಗಿನ ಗಾಳಿ ಹೋಗಿಬರುವ ಸಣ್ಣ ದಾರಿ) ಕಟ್ಟಿಕೊಂಡು ಸೀಲ್ (ಶಾಫ್ಟ್ ಹೊರಬರುವಲ್ಲಿ ಎಣ್ಣೆ ತಡೆಯುವ ಬಳೆ) ಸೋರುತ್ತದೆ. ಎಣ್ಣೆ ಇಳಿದು ನೀರು ಸೇರುತ್ತದೆ. ಬೇರಿಂಗ್ ಅಥವಾ ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಸವೆಯುತ್ತದೆ. ಶಾಫ್ಟುಗಳು ಒಂದರಿಂದೊಂದು ದೂರ ಸರಿಯುತ್ತವೆ. ಕೊನೆಗೆ ಹಲ್ಲು ಹೋಗುತ್ತದೆ. ರಿಪೇರಿ ಈ ಸರಪಳಿಯ ಮೊದಲ ಕೊಂಡಿಯಿಂದ ಶುರುವಾಗಬೇಕು.

ಬೇರೆ ಬೇರೆ ತಯಾರಕರ ಪೆಟ್ಟಿಗೆಗಳು ಬೇರೆ ಬೇರೆ ರೀತಿ ಇರುತ್ತವೆ. ಇಲ್ಲಿ ನಾನು ಇಟ್ಟುಕೊಂಡಿರುವುದು ಬಹಳ ಸಾಮಾನ್ಯವಾದ ಜೋಡಣೆ: ಎರಕದ ಪೆಟ್ಟಿಗೆಯೊಳಗೆ ನೇರ ಹಲ್ಲಿನ ಗೇರುಗಳು, ಮೂರು ಶಾಫ್ಟ್, ಎರಡು ಹಂತದಲ್ಲಿ ವೇಗದ ಇಳಿತ. ಉದಾಹರಣೆಗೆ ಇನ್‌ಪುಟ್ ಶಾಫ್ಟಿನ 15 ಹಲ್ಲಿನ ಪಿನಿಯನ್ (ಜೋಡಿಯ ಸಣ್ಣ ಗೇರ್) ನಡುಶಾಫ್ಟಿನ 45 ಹಲ್ಲಿನ ಗೇರನ್ನು ತಿರುಗಿಸುತ್ತದೆ. ಅದೇ ನಡುಶಾಫ್ಟಿನ 14 ಹಲ್ಲಿನ ಪಿನಿಯನ್ ಔಟ್‌ಪುಟ್ಟಿನ 56 ಹಲ್ಲಿನ ಗೇರನ್ನು ತಿರುಗಿಸುತ್ತದೆ. ಮೊದಲ ಹಂತದಲ್ಲಿ 3ಕ್ಕೆ 1, ಎರಡನೆಯದರಲ್ಲಿ 4ಕ್ಕೆ 1, ಒಟ್ಟು 12ಕ್ಕೆ 1. ಇನ್‌ಪುಟ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ ಔಟ್‌ಪುಟ್ 150 ಸುತ್ತು. ನಿಮ್ಮದರಲ್ಲಿ ಹಲ್ಲಿನ ಲೆಕ್ಕ ಬೇರೆ ಇರಬಹುದು, ವಿಧಾನ ಮಾತ್ರ ಇದೇ.

ಬಿಚ್ಚುವ ಮುನ್ನ: ಕೈಯಿಂದ ತಿರುಗಿಸಿ ಕೇಳಿ

ಬಿಚ್ಚಿದ ಮೇಲೆ ಪೆಟ್ಟಿಗೆ ಮಾತಾಡುವುದಿಲ್ಲ. ರೋಗ ಪತ್ತೆಯ ಅರ್ಧ ಕೆಲಸವನ್ನು ಟ್ರ್ಯಾಕ್ಟರಿನ ಮೇಲೆ ಇರುವಾಗಲೇ ಮುಗಿಸಿಕೊಳ್ಳಿ.

ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಹಿಂಭಾಗ ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಯಾವ ಟ್ರ್ಯಾಕ್ಟರಿನ ಕೆಳಗೂ ಕೈ ಹಾಕಬೇಡಿ. ಇಟ್ಟಿಗೆಯೂ ಸ್ಟ್ಯಾಂಡ್ ಅಲ್ಲ, ಅದು ಸದ್ದಿಲ್ಲದೆ ಸೀಳುತ್ತದೆ.

ಈಗ ಇನ್‌ಪುಟ್ ಪುಲ್ಲಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗೇರ್ ಹಾಕಿದ ಸ್ಥಿತಿಯಲ್ಲಿ ಕೈಯಿಂದ ನಿಧಾನ ತಿರುಗಿಸಿ. ಎಲ್ಲೋ ಒಂದು ಕಡೆ ಟಕ್ ಎನ್ನುತ್ತದೆ ಅಥವಾ ಬಿಗಿಯಾಗುತ್ತದೆ ಅಂದುಕೊಳ್ಳಿ. ಎಷ್ಟು ಸುತ್ತಿಗೊಮ್ಮೆ ಎಂದು ಎಣಿಸಿ. ಪುಲ್ಲಿಯ ಪ್ರತಿ ಸುತ್ತಿಗೂ ಬಂದರೆ ದೋಷ ಇನ್‌ಪುಟ್ ಶಾಫ್ಟಿನಲ್ಲಿ. ಮೂರು ಸುತ್ತಿಗೊಮ್ಮೆ ಬಂದರೆ ನಡುಶಾಫ್ಟಿನಲ್ಲಿ. ಹನ್ನೆರಡು ಸುತ್ತಿಗೊಮ್ಮೆ ಬಂದರೆ ಔಟ್‌ಪುಟ್ ಗೇರಿನಲ್ಲಿ. ಯಾವ ಉಪಕರಣವೂ ಬೇಡ, ಎಣಿಕೆ ತಪ್ಪದಿದ್ದರೆ ಸಾಕು. ಇಂಥ ಲೆಕ್ಕಕ್ಕೆ ಸಿಗದೆ, ಒಂದೇ ಸಮನೆ ಗರಗರ ಎನ್ನುವ ಒರಟುತನ ಇದ್ದರೆ ಅನುಮಾನ ಬೇರಿಂಗಿನ ಮೇಲೆ ಹೋಗಬೇಕು.

ಎಂಜಿನ್ ಓಡುತ್ತಿರುವಾಗಿನ ಸದ್ದನ್ನೂ ಮೊದಲೇ ಫೋನಿನಲ್ಲಿ ದಾಖಲಿಸಿಟ್ಟುಕೊಂಡರೆ ಅದರ ಆವರ್ತನ ನೋಡಬಹುದು. ಮೇಲಿನ ಲೆಕ್ಕದಲ್ಲಿ ಇನ್‌ಪುಟ್ ಸೆಕೆಂಡಿಗೆ 30 ಸುತ್ತು, ಅದರಲ್ಲಿ 15 ಹಲ್ಲು. ಮೊದಲ ಹಂತದ ಹಲ್ಲುಗಳು ಸೆಕೆಂಡಿಗೆ 450 ಸಲ ಕೂಡುತ್ತವೆ. ನಡುಶಾಫ್ಟ್ ಸೆಕೆಂಡಿಗೆ 10 ಸುತ್ತು, 14 ಹಲ್ಲು. ಎರಡನೆಯ ಹಂತಕ್ಕೆ 140. ಕೀಚಲು ದನಿ 450ರ ಆಸುಪಾಸು ಇದ್ದರೆ ಮೊದಲ ಜೋಡಿ, ತಗ್ಗಿದ ಗೊಣಗು 140ರ ಹತ್ತಿರ ಇದ್ದರೆ ಎರಡನೆಯ ಜೋಡಿ.

ಇನ್ನೊಂದು ಪರೀಕ್ಷೆ: ಔಟ್‌ಪುಟ್ಟನ್ನು ಯಾರಾದರೂ ಗಟ್ಟಿಯಾಗಿ ಹಿಡಿದಿರಲಿ, ನೀವು ಇನ್‌ಪುಟ್ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗುವ ದಿಕ್ಕಿನ ಆಟ ಸ್ವಲ್ಪ ಇರಲೇಬೇಕು. ಆದರೆ ಮೇಲೆ ಕೆಳಗೆ ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಬೇರಿಂಗ್ ಹೋಗಿದೆ, ಸೀಲೂ ಜೊತೆಗೆ ಹೋಗಿದೆ ಎಂದೇ ತಿಳಿಯಿರಿ.

ಎಣ್ಣೆ ಇಳಿಸುವುದು

ಸ್ವಲ್ಪ ಓಡಿಸಿ ಬೆಚ್ಚಗಾದ ಪೆಟ್ಟಿಗೆಯಿಂದ ಎಣ್ಣೆ ಇಳಿಸಿ. ತಣ್ಣಗಿದ್ದಾಗ ಕಸ ತಳದಲ್ಲೇ ಕೂತಿರುತ್ತದೆ. ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಬೂದುಬಣ್ಣದ ಮಸಿಯಂಥ ಪುಡಿ ಸಾಮಾನ್ಯ ಸವೆತ. ಚೂಪು ಅಂಚಿನ ಚಕ್ಕೆಗಳು ಇದ್ದರೆ ಹಲ್ಲಿನ ಅಥವಾ ಬೇರಿಂಗಿನ ಗಟ್ಟಿ ಪದರ ಎದ್ದಿದೆ. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಬುಷ್ ಅಥವಾ ಥ್ರಸ್ಟ್ ವಾಷರಿನದು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ನೀರು ಎಲ್ಲಿಂದ ಬಂತು? ಇಲ್ಲಿಯೇ ಬ್ರೀದರಿನ ಕಥೆ ಬರುತ್ತದೆ. ಪೆಟ್ಟಿಗೆ 20 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿಯಾದರೆ ಒಳಗಿನ ಗಾಳಿಯ ಒತ್ತಡ ಸುಮಾರು ಐದರಲ್ಲಿ ಒಂದು ಭಾಗ ಏರುತ್ತದೆ. ಬ್ರೀದರ್ ತೆರೆದಿದ್ದರೆ ಆ ಗಾಳಿ ಹೊರಹೋಗುತ್ತದೆ. ಮಣ್ಣು, ಬಣ್ಣ, ಹಳೆಯ ಗ್ರೀಸ್ ಸೇರಿ ಅದು ಮುಚ್ಚಿಹೋಗಿದ್ದರೆ ಒತ್ತಡ ಸೀಲಿನ ತುಟಿಯನ್ನು ತಳ್ಳಿ ಎಣ್ಣೆಯನ್ನು ಹೊರಹಾಕುತ್ತದೆ. ಕೆಲಸ ಮುಗಿದು ಪೆಟ್ಟಿಗೆ ತಣ್ಣಗಾಗುವಾಗ ಅದೇ ಸೀಲಿನ ದಾರಿಯಲ್ಲಿ ತೇವದ ಗಾಳಿ, ತೊಳೆದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂರು ಸಲ ಸೀಲ್ ಬದಲಿಸಿದರೂ ಸೋರುತ್ತಿದೆ ಎಂದು ಬೇಸತ್ತವರ ಪೆಟ್ಟಿಗೆಯನ್ನು ನೋಡಿದಾಗೆಲ್ಲ ನಾನು ಮೊದಲು ಬ್ರೀದರ್ ಕಳಚಿ ಬಾಯಿಯಿಂದ ಊದಿ ನೋಡುತ್ತೇನೆ. ಹೆಚ್ಚು ಸಲ ಅದು ಊದಲು ಬಿಡುವುದಿಲ್ಲ.

ಬಿಚ್ಚುವುದು

ಪೆಟ್ಟಿಗೆಯ ಹೊರಮೈಯನ್ನು ಚಾಸಿಸ್ಸಿನ ಮೇಲೆ ಇರುವಾಗಲೇ ಬ್ರಷ್ಷಿನಿಂದ ಚೊಕ್ಕಟ ಮಾಡಿ. ಆಮೇಲೆ ಬೆಲ್ಟ್, ಲಿವರ್, ಕೊಂಡಿಗಳನ್ನು ಕಳಚಿ. ಬೆಲ್ಟಿನ ಬಿಗಿಗೆ ಇರುವ ಸ್ಪ್ರಿಂಗ್ ಮುಖಕ್ಕೆ ಸಿಡಿಯಬಹುದು, ಕನ್ನಡಕ ಹಾಕಿಕೊಳ್ಳಿ. ಎರಕದ ಪೆಟ್ಟಿಗೆ ನೋಡುವುದಕ್ಕಿಂತ ಭಾರ. ಕೆಳಗಿನ ಬೋಲ್ಟ್ ಕೊನೆಯಲ್ಲಿ ಬರುವಂತೆ, ಜಾಕಿನ ಆಸರೆ ಕೊಟ್ಟು ಇಳಿಸಿ.

ಪುಲ್ಲಿಯನ್ನು ಪುಲ್ಲರ್ ಹಾಕಿಯೇ ತೆಗೆಯಿರಿ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಬಿದ್ದರೆ ಪೆಟ್ಟು ನೇರ ಬೇರಿಂಗಿನ ಗುಂಡುಗಳಿಗೆ ಹೋಗಿ ಓಟದ ಹಾದಿಯಲ್ಲಿ ಗುಳಿ ಬೀಳುತ್ತದೆ. ಬೇರಿಂಗ್ ಹೇಗೂ ಬದಲಿಸುತ್ತೀರಿ ನಿಜ, ಆದರೆ ಶಾಫ್ಟಿನ ತುದಿ ಅರಳಿಕೊಂಡರೆ ಅದನ್ನು ಮತ್ತೆ ಸೀಲಿನೊಳಗೆ ತೂರಿಸುವುದು ಆಗುವುದಿಲ್ಲ. ಪುಲ್ಲಿ ಹೊರಬಂದ ಮೇಲೆ ಕೀ (ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಲೋಹದ ತುಂಡು) ತೆಗೆದು, ಶಾಫ್ಟಿನ ಹೊರಭಾಗದ ತುಕ್ಕು, ಕೀವೇ (ಕೀ ಕೂರುವ ತೋಡು) ಅಂಚಿನ ಚೂಪನ್ನು ಎಮರಿ ಕಾಗದದಿಂದ ನಯ ಮಾಡಿ. ಇದನ್ನು ಕವರ್ ತೆಗೆಯುವ ಮೊದಲೇ ಮಾಡಬೇಕು. ಇಲ್ಲವಾದರೆ ಆ ಒರಟು ಭಾಗ ಬುಷ್ಷಿನ ಒಳಮೈಯನ್ನು ಕೆರೆದುಕೊಂಡೇ ಹೊರಬರುತ್ತದೆ.

ಕವರಿನ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ, ರಟ್ಟಿನಲ್ಲಿ ತೂತು ಮಾಡಿ ಚುಚ್ಚಿಡಿ; ಉದ್ದ ಬೇರೆ ಬೇರೆ ಇರುತ್ತದೆ. ಕವರ್ ಅಂಟಿಕೊಂಡಿದ್ದರೆ ಮೂಲೆಗಳಲ್ಲಿ ರಬ್ಬರ್ ಮ್ಯಾಲೆಟ್ಟಿನಿಂದ ತಟ್ಟಿ. ಕೂಡುವ ಮುಖಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಆ ಒಂದು ಗೀರಿನಿಂದ ಪೆಟ್ಟಿಗೆ ಜೀವನಪೂರ್ತಿ ಸೋರುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಡೋವೆಲ್ ಪಿನ್ ಇರುತ್ತದೆ, ಅದರ ನೇರಕ್ಕೇ ಕವರ್ ಎಳೆಯಿರಿ.

ಕವರ್ ಬಂದ ಕೂಡಲೇ ಕೈ ಹಾಕಬೇಡಿ. ಎರಡು ಫೋಟೊ ತೆಗೆಯಿರಿ. ಯಾವ ವಾಷರ್ ಯಾವ ಕಡೆ, ಅದರ ದಪ್ಪ ಎಷ್ಟು, ಶಿಮ್ (ಅಂತರ ಹೊಂದಿಸುವ ತೆಳು ತಗಡು) ಎಲ್ಲಿತ್ತು ಎಂದು ಬರೆದುಕೊಳ್ಳಿ. ಗೇರುಗಳ ಕೂಡುವ ಹಲ್ಲುಗಳಿಗೆ ಬಣ್ಣದ ಚುಕ್ಕೆ ಇಡಿ. 15 ಮತ್ತು 45ರಂಥ ಜೋಡಿಯಲ್ಲಿ ಪಿನಿಯನ್ನಿನ ಒಂದು ಹಲ್ಲು ದೊಡ್ಡ ಗೇರಿನ ಅದೇ ಮೂರು ಹಲ್ಲುಗಳನ್ನು ಮತ್ತೆ ಮತ್ತೆ ಮುಟ್ಟುತ್ತದೆ. ವರ್ಷಗಟ್ಟಲೆ ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ಅದೇ ಗೇರುಗಳನ್ನು ಮತ್ತೆ ಹಾಕುವುದಾದರೆ ಅದೇ ಹಲ್ಲಿಗೆ ಅದೇ ಹಲ್ಲು ಕೂಡಿದರೆ ಸದ್ದು ಕಡಿಮೆ. 15ಕ್ಕೆ 46 ಇದ್ದಿದ್ದರೆ ಪ್ರತಿ ಹಲ್ಲೂ ಎಲ್ಲ ಹಲ್ಲುಗಳನ್ನೂ ಮುಟ್ಟುತ್ತಿತ್ತು, ಆಗ ಈ ಗುರುತಿನ ಗೋಜು ಇರುತ್ತಿರಲಿಲ್ಲ.

ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು, ಪೆಟ್ರೋಲ್ ಬೇಡ. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಿಂದ ಗಿರಗಿರ ತಿರುಗಿಸುವ ಚಾಳಿಯನ್ನೂ ಬಿಡಿ. ಎಣ್ಣೆಯಿಲ್ಲದೆ ಅಷ್ಟು ವೇಗದಲ್ಲಿ ತಿರುಗಿದರೆ ಒಳ್ಳೆಯ ಬೇರಿಂಗೂ ಕೆಡುತ್ತದೆ, ಒಡೆದು ಸಿಡಿಯಲೂಬಹುದು.

ಹಲ್ಲು ಓದುವುದು

ಬಿಸಿಲಿನಲ್ಲಿ, ಭೂತಗನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿ. ಈ ಭಾಗಕ್ಕೆ ಸಮಯ ಕೊಡಿ, ಏಕೆಂದರೆ ಹಣ ಉಳಿಯುವುದು ಅಥವಾ ಕಳೆಯುವುದು ಇಲ್ಲೇ.

ಸಮನಾದ ಹೊಳಪು ಒಳ್ಳೆಯದು. ಹಲ್ಲಿನ ಎತ್ತರದ ನಡುಭಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಅಲ್ಲಲ್ಲಿ ಇದ್ದರೆ ಹೆದರಬೇಕಿಲ್ಲ, ಆರಂಭದ ಇಂಥ ಗುಳಿಗಳು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತವೆ. ಗುಳಿಗಳು ಒಂದಕ್ಕೊಂದು ಸೇರಿ ಚಕ್ಕೆ ಎದ್ದಿದ್ದರೆ ಆ ಗೇರ್ ಮುಗಿಯಿತು. ಬುಡದಿಂದ ತುದಿಯತ್ತ ಉದ್ದುದ್ದ ಗೀರುಗಳಿದ್ದರೆ ಎಣ್ಣೆಯ ಪದರ ಒಡೆದು ಲೋಹಕ್ಕೆ ಲೋಹ ಉಜ್ಜಿದೆ: ಎಣ್ಣೆ ಕಡಿಮೆಯಿತ್ತು, ಇಲ್ಲವೇ ತಪ್ಪು ಎಣ್ಣೆಯಿತ್ತು. ಒಂದೇ ಅಂಚಿನ ಸವೆತ ಓರೆ ಶಾಫ್ಟಿನ ಸಹಿ. ಅದನ್ನು ಕಂಡಾಗ ಗೇರ್ ಬಿಟ್ಟು ಬೇರಿಂಗ್ ಗೂಡಿನತ್ತ ನೋಡಿ. ಸರಿದು ಕೂಡುವ ಗೇರುಗಳಲ್ಲಿ ಹಲ್ಲಿನ ಪಕ್ಕದ ಮೂಲೆ ಮುರಿದಿರುವುದು ಸಾಮಾನ್ಯ. ಓಡುವಾಗಲೇ ಗೇರ್ ಬದಲಿಸಿದ್ದರ ಫಲ ಅದು. ಮೂಲೆ ಮಾತ್ರ ಹೋಗಿದ್ದರೆ ಆಯಿಲ್ ಸ್ಟೋನಿನಿಂದ ಚೂಪು ತೆಗೆದು ಮುಂದುವರಿಯಬಹುದು.

ಬುಡದಲ್ಲಿ ಬಿರುಕಿದೆಯೇ ಎಂದು ನೋಡಲು ಹಳೆಯ ಉಪಾಯ ಒಂದಿದೆ. ಗೇರನ್ನು ಸೀಮೆಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಬಳಿದು ಬಿಡಿ. ಬಿರುಕಿನೊಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡರೆ ಗೇರ್ ಗುಜರಿಗೆ. ಹಲ್ಲಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಗಟ್ಟಿಗೊಳಿಸಿದ ಹಲ್ಲಿಗೆ ಆ ಶಾಖ ಕೊಟ್ಟರೆ ಅಕ್ಕಪಕ್ಕದ ಉಕ್ಕು ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಪೆಡಸಾಗುತ್ತದೆ. ನಾನು ಒಪ್ಪುವುದಿಲ್ಲ.

ಸವೆತ ಅಳೆಯುವುದು ಹೀಗೆ. ಎಷ್ಟೋ ಪೆಟ್ಟಿಗೆಗಳಲ್ಲಿ ಪಿನಿಯನ್ ತನ್ನ ಜೊತೆ ಗೇರಿಗಿಂತ ಅಗಲವಾಗಿರುತ್ತದೆ. ಅದರ ಒಂದು ತುದಿಯ ಪಟ್ಟಿ ಯಾರನ್ನೂ ಮುಟ್ಟದೆ ಹೊಸದರಂತೆಯೇ ಉಳಿದಿರುತ್ತದೆ. ವರ್ನಿಯರಿನ ದವಡೆಗಳ ನಡುವೆ ಎರಡು ಅಥವಾ ಮೂರು ಹಲ್ಲುಗಳನ್ನು ಒಟ್ಟಿಗೆ ಹಿಡಿದು, ಮೊದಲು ಆ ಪಟ್ಟಿಯಲ್ಲಿ, ಆಮೇಲೆ ಸವೆದ ಜಾಗದಲ್ಲಿ ಅಳೆಯಿರಿ. ವ್ಯತ್ಯಾಸವೇ ಸವೆತ. ಗಟ್ಟಿ ಪದರ ಉಳಿದಿದೆಯೇ ತಿಳಿಯಲು ಸವೆದ ಮೈಮೇಲೆ ನಯವಾದ ಅರವನ್ನು (ಫೈಲ್) ಮೆಲ್ಲಗೆ ಎಳೆಯಿರಿ. ಅರ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಪದರ ಇದೆ. ಕಚ್ಚಿ ಕೆರೆದರೆ ಪದರ ಹೋಗಿದೆ, ಇನ್ನು ಸವೆತದ ವೇಗ ಏರುತ್ತದೆ. ಗೇರ್ ಮೊದಲಿನಿಂದಲೇ ಮೆತ್ತಗಿನದೋ ಎಂಬ ಅನುಮಾನ ಬಂದರೆ ಮುಟ್ಟದ ಪಟ್ಟಿಯ ಮೇಲೂ ಅರ ಎಳೆದು ಹೋಲಿಸಿ.

ಹೊಸ ಗೇರ್ ಸಿಗದ ಹಳೆಯ ಯಂತ್ರಗಳಿಗೆ ಒಂದು ದಾರಿಯಿದೆ. ಟ್ರ್ಯಾಕ್ಟರ್ ಹೆಚ್ಚಾಗಿ ಮುಂದಕ್ಕೇ ಓಡುವುದರಿಂದ ಹಲ್ಲಿನ ಒಂದೇ ಪಕ್ಕ ಸವೆದಿರುತ್ತದೆ. ಗೇರಿನ ನಡುವಿನ ಗುಬ್ಬಿ (ಹಬ್) ಎರಡೂ ಕಡೆ ಸಮನಾಗಿದ್ದರೆ ಅದನ್ನು ಬೆನ್ನು ತಿರುಗಿಸಿ ಹಾಕಿ. ಸವೆಯದ ಪಕ್ಕ ಕೆಲಸಕ್ಕೆ ಬರುತ್ತದೆ. ಜೋಡಿಯ ಎರಡೂ ಗೇರುಗಳನ್ನು ತಿರುಗಿಸಿದರೆ ಮಾತ್ರ ಪೂರ್ತಿ ಲಾಭ.

ಹೊಸದು ಮಾಡಿಸುವುದಾದರೆ ಅಳತೆ ನಿಮ್ಮ ಕೈಯಲ್ಲಿರಲಿ. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಸಿಗುತ್ತದೆ. 56 ಹಲ್ಲಿನ ಗೇರಿನ ಹೊರವ್ಯಾಸ 184.15 ಮಿ.ಮೀ. ಇದ್ದರೆ, 58ರಿಂದ ಭಾಗಿಸಿದಾಗ 3.175. ಇದು ಮಾಮೂಲಿ ಮಾಡ್ಯೂಲ್ ಅಲ್ಲ. 25.4ನ್ನು 3.175ರಿಂದ ಭಾಗಿಸಿ: 8. ಅಂದರೆ ಇದು ಇಂಚಿನ ಲೆಕ್ಕದ, 8 ಡಯಾಮೆಟ್ರಲ್ ಪಿಚ್ಚಿನ ಗೇರ್. 3 ಮಾಡ್ಯೂಲಿನದನ್ನು ಹತ್ತಿರವಿದೆ ಎಂದು ಹಾಕಿದರೆ ಹೊಂದುವುದಿಲ್ಲ. ಒತ್ತಡ ಕೋನವನ್ನೂ (ಹಲ್ಲಿನ ಪಕ್ಕದ ಓರೆ) ಕೇಳಿ ಖಚಿತಪಡಿಸಿಕೊಳ್ಳಿ: ಹಳೆಯ ಗೇರುಗಳಲ್ಲಿ 14.5 ಡಿಗ್ರಿ, ಈಚಿನವುಗಳಲ್ಲಿ 20 ಡಿಗ್ರಿ. ಒಂದರ ಜೊತೆ ಇನ್ನೊಂದು ಓಡದು. ಬದಲಿಸಿದರೆ ಜೋಡಿಯಾಗಿಯೇ ಬದಲಿಸಿ.

ಬೇರಿಂಗ್, ಬುಷ್, ಶಾಫ್ಟ್

20 ಡಿಗ್ರಿ ಕೋನದ ಹಲ್ಲುಗಳು ತಳ್ಳುವ ಬಲದ ಸುಮಾರು 36 ಶೇಕಡಾದಷ್ಟು ಬಲದಿಂದ ಶಾಫ್ಟುಗಳನ್ನು ಒಂದರಿಂದೊಂದು ದೂರ ಒತ್ತುತ್ತವೆ. ಆ ಒತ್ತನ್ನು ಹೊರುವುದು ಬೇರಿಂಗ್. ಅದು ಸವೆದು ಶಾಫ್ಟುಗಳ ನಡುವಿನ ಅಂತರ 0.2 ಮಿ.ಮೀ. ಹೆಚ್ಚಿದರೆ ಹಲ್ಲುಗಳ ನಡುವಿನ ಆಟ ಸುಮಾರು 0.15 ಮಿ.ಮೀ. ಹೆಚ್ಚುತ್ತದೆ. ಹಲ್ಲಿನ ಒಂದು ಕೂದಲೂ ಸವೆಯದೆ ಗೇರ್ ಹಳತಾದಂತೆ ಕಾಣುವುದು ಹೀಗೆ.

ಹಾಗಾಗಿ ಬೇರಿಂಗುಗಳನ್ನು ನೋಡಿ ನಿರ್ಧರಿಸುವ ಗೋಜಿಗೆ ಹೋಗಬೇಡಿ, ಎಲ್ಲವನ್ನೂ ಬದಲಿಸಿ. ಬೇರಿಂಗಿನ ಪಕ್ಕದಲ್ಲಿ ಕೆತ್ತಿರುವ ಸಂಖ್ಯೆಯೇ ಅದರ ವಿಳಾಸ. 6205 ಎಂದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ.; ಕೊನೆಯ ಎರಡು ಅಂಕಿ 04 ಅಥವಾ ಮೇಲಿದ್ದರೆ ಐದರಿಂದ ಗುಣಿಸಿದಾಗ ಒಳವ್ಯಾಸ ಬರುತ್ತದೆ. ಸಂಖ್ಯೆಯ ನಂತರದ ಅಕ್ಷರಗಳನ್ನೂ ಬರೆದುಕೊಳ್ಳಿ. ಎಣ್ಣೆಯಲ್ಲಿ ಮೀಯುವ ಜಾಗದಲ್ಲಿ ತೆರೆದ ಬೇರಿಂಗ್ ಇದ್ದರೆ ತೆರೆದದ್ದನ್ನೇ, ಸಿ3 (ಒಳಗೆ ಸ್ವಲ್ಪ ಹೆಚ್ಚು ಸಡಿಲವಿರುವ ಬಗೆ) ಎಂದಿದ್ದರೆ ಸಿ3ಯನ್ನೇ ಹಾಕಿ. ಇಂಚಿನ ಕಾಲದ ಯಂತ್ರದಲ್ಲಿ ಒಂದು ಇಂಚಿನ ಶಾಫ್ಟ್ 25.4 ಮಿ.ಮೀ. ಇರುತ್ತದೆ, 25ರ ಬೇರಿಂಗ್ ಅದರ ಮೇಲೆ ಕೂರುವುದಿಲ್ಲ. ಶಾಫ್ಟ್ ಉಜ್ಜಿ ಕೂರಿಸಲು ಹೋಗಬೇಡಿ, ಇಂಚಿನ ಬೇರಿಂಗೇ ಸಿಗುತ್ತದೆ.

ಬೋಲ್ಟುಗಳಲ್ಲೂ ಇದೇ ಬಲೆ. 5/16 ಇಂಚಿನ ಬೋಲ್ಟ್ 7.94 ಮಿ.ಮೀ., ಕಣ್ಣಿಗೆ ಎಂ8ರಂತೆಯೇ. ಆದರೆ ಅದರ ಒರಟು ಮರೆ (ಥ್ರೆಡ್) 1.41 ಮಿ.ಮೀ.ಗೆ ಒಂದು, ಎಂ8ರದ್ದು 1.25ಕ್ಕೆ ಒಂದು. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾಗುತ್ತದೆ. ಸ್ಪ್ಯಾನರ್ ಹಾಕಿ ಎಳೆದರೆ ಎರಕದ ಮರೆ ಪುಡಿಯಾಗುತ್ತದೆ.

ಹೊಸ ಬೇರಿಂಗ್ ಶಾಫ್ಟಿನ ಮೇಲೆ ಬೆರಳಿನಿಂದಲೇ ಜಾರಿ ಕೂತರೆ ಶಾಫ್ಟಿನ ಆ ಜಾಗ ಸವೆದಿದೆ. ಸವೆತ ತೀರ ಸ್ವಲ್ಪವಿದ್ದರೆ ಬೇರಿಂಗ್ ಕೂರಿಸಲೆಂದೇ ಬರುವ ರಿಟೇನಿಂಗ್ ಅಂಟು ತಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಲೇತಿಗೆ ಕೊಟ್ಟು ಲೋಹ ತುಂಬಿಸಿ ಉಜ್ಜಿಸಬೇಕು ಅಥವಾ ಸ್ಲೀವ್ ಹಾಕಿಸಬೇಕು. ಸೆಂಟರ್ ಪಂಚಿನಿಂದ ಶಾಫ್ಟಿನ ಸುತ್ತ ಚುಕ್ಕೆ ಹೊಡೆದು ಉಬ್ಬಿಸುವ ಕೈಚಳಕ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಆ ಉಬ್ಬುಗಳ ತುದಿ ವಾರದೊಳಗೆ ಚಪ್ಪಟೆಯಾಗುತ್ತದೆ, ಬೇರಿಂಗ್ ನಡುಸಾಲಿನಲ್ಲೂ ಇರುವುದಿಲ್ಲ. ಶಾಫ್ಟ್ ನೇರವಿದೆಯೇ ಎಂದು ವಿ-ಬ್ಲಾಕಿನ ಮೇಲೆ ಇಟ್ಟು ಡಯಲ್ ಗೇಜಿನಿಂದ ನೋಡಿ, ಸೂಜಿ 0.05 ಮಿ.ಮೀ.ಗಿಂತ ಹೆಚ್ಚು ಅಲ್ಲಾಡಿದರೆ ನನಗೆ ಸಮಾಧಾನವಿರುವುದಿಲ್ಲ.

ಬುಷ್ ಇದ್ದರೆ ಅದು ಯಾವ ಬಗೆಯದು ಎಂದು ತಿಳಿಯಿರಿ. ಗಟ್ಟಿ ಕಂಚಿನದನ್ನು ಒತ್ತಿ ಕೂರಿಸಿದ ಮೇಲೆ ಒಳವ್ಯಾಸ ಕುಗ್ಗುತ್ತದೆ, ರೀಮರ್ ಹಾಕಿ ಅಳತೆಗೆ ತರಬೇಕು. 25 ಮಿ.ಮೀ. ಶಾಫ್ಟಿಗೆ 0.03ರಿಂದ 0.07 ಮಿ.ಮೀ. ಸಡಿಲ ಸಾಕು. ಪುಡಿ ಒತ್ತಿ ಮಾಡಿದ, ಎಣ್ಣೆ ಹೀರಿಕೊಂಡ ಬುಷ್ಷಿಗೆ ರೀಮರ್ ಹಾಕಿದರೆ ಮೇಲ್ಮೈಯ ಸೂಕ್ಷ್ಮ ರಂಧ್ರಗಳು ಮೆತ್ತಿಕೊಂಡು ಮುಚ್ಚುತ್ತವೆ, ಎಣ್ಣೆ ಹೊರಬರುವುದಿಲ್ಲ. ಅದನ್ನು ಸರಿಯಾದ ಅಳತೆಯ ನಯವಾದ ಮ್ಯಾಂಡ್ರೆಲ್ (ಉಕ್ಕಿನ ಸರಳು) ಮೇಲೆ ಒತ್ತಿ ಕೂರಿಸಬೇಕು. ಬುಷ್ಷಿನ ಎಣ್ಣೆ ತೂತು ಪೆಟ್ಟಿಗೆಯ ತೂತಿನ ನೇರಕ್ಕೆ ಬರಲಿ. ಇದನ್ನು ಮರೆತವರಲ್ಲಿ ನಾನೂ ಒಬ್ಬ.

ಕೂರಿಸುವಾಗ ಶಾಖ ಬಳಸಿ

ಸುತ್ತಿಗೆಗಿಂತ ಶಾಖ ಮೃದು. ಬೇರಿಂಗನ್ನು ಶಾಫ್ಟಿಗಿಂತ 80 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ 25 ಮಿ.ಮೀ. ಒಳವ್ಯಾಸ 0.024 ಮಿ.ಮೀ. ಹಿಗ್ಗುತ್ತದೆ, ತಾನಾಗಿ ಜಾರಿ ಕೂರಲು ಅಷ್ಟು ಸಾಕು. 110 ಡಿಗ್ರಿ ದಾಟಿಸಬೇಡಿ. ಜ್ವಾಲೆ ನೇರ ತಾಗಿಸಬೇಡಿ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವುದು ಒಳ್ಳೆಯದು. ರಬ್ಬರ್ ಸೀಲ್ ಇರುವ ಬೇರಿಂಗಿಗೆ 80 ಡಿಗ್ರಿಯೇ ಮಿತಿ, ಅದಕ್ಕೆ ಎಣ್ಣೆಯ ಸ್ನಾನವೂ ಬೇಡ. ಪೆಟ್ಟಿಗೆ ಅಲ್ಯುಮಿನಿಯಮ್ಮಿನದಾದರೆ ಇನ್ನೂ ಸುಲಭ: 80 ಡಿಗ್ರಿ ಏರಿಕೆಗೆ 52 ಮಿ.ಮೀ. ಗೂಡು ಸುಮಾರು 0.095 ಮಿ.ಮೀ. ತೆರೆಯುತ್ತದೆ, ತಣ್ಣಗಿನ ಬೇರಿಂಗ್ ಒಳಕ್ಕೆ ಬೀಳುತ್ತದೆ. ಒತ್ತಲೇಬೇಕಾದರೆ ಶಾಫ್ಟಿನ ಮೇಲೆ ಕೂರಿಸುವಾಗ ಒಳ ಬಳೆಯನ್ನು, ಗೂಡಿಗೆ ಕೂರಿಸುವಾಗ ಹೊರ ಬಳೆಯನ್ನು ಮಾತ್ರ ಒತ್ತಿ. ಬಲ ಗುಂಡುಗಳ ಮೂಲಕ ಹಾದರೆ ಹೊಸ ಬೇರಿಂಗೂ ಆ ಕ್ಷಣವೇ ಹಳತು.

ಮೊದಲು ಸೀಲಿಲ್ಲದೆ ಜೋಡಿಸಿ ನೋಡಿ

ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಸೀಲ್, ಅಂಟು ಏನೂ ಇಲ್ಲದೆ ಎಲ್ಲ ಶಾಫ್ಟುಗಳನ್ನು ಜೋಡಿಸಿ, ಹಾಕಲಿರುವ ಗ್ಯಾಸ್ಕೆಟ್ಟನ್ನೇ ಒಣದಾಗಿ ಇಟ್ಟು, ಕವರ್ ಬಿಗಿಯಿರಿ. ಕೈಯಿಂದ ಪೂರ್ತಿ ಹನ್ನೆರಡು ಸುತ್ತು ತಿರುಗಿಸಿ. ಎಲ್ಲೂ ಹಿಡಿಯಬಾರದು.

ಈಗ ಶಾಫ್ಟಿನ ತುದಿಗೆ ಡಯಲ್ ಗೇಜ್ ಇಟ್ಟು ಹಿಂದೆ ಮುಂದೆ ತಳ್ಳಿ ಎಂಡ್ ಪ್ಲೇ ಅಳೆಯಿರಿ. ತಯಾರಕರ ಕೈಪಿಡಿಯ ಅಂಕಿ ಸಿಕ್ಕರೆ ಅದೇ ಕೊನೆಯ ಮಾತು. ಸಿಗದಿದ್ದರೆ ಗುಂಡಿನ ಬೇರಿಂಗ್ ಅಥವಾ ಬುಷ್ ಇರುವ ಶಾಫ್ಟಿಗೆ 0.1ರಿಂದ 0.3 ಮಿ.ಮೀ. ನಡುವೆ ಇಟ್ಟುಕೊಳ್ಳುತ್ತೇನೆ. ಟೇಪರ್ ರೋಲರ್ ಬೇರಿಂಗ್ ಇದ್ದರೆ ಈ ಅಂಕಿ ನಡೆಯದು, ಅದಕ್ಕೆ ಕೈಪಿಡಿ ಹುಡುಕಲೇಬೇಕು. ಆಟ ಹೆಚ್ಚಿದ್ದರೆ ಅಷ್ಟು ದಪ್ಪದ ಶಿಮ್ ಸೇರಿಸಿ, ಕಡಿಮೆಯಿದ್ದರೆ ತೆಗೆಯಿರಿ.

ಇಲ್ಲಿ ಗ್ಯಾಸ್ಕೆಟ್ಟಿನ ದಪ್ಪ ಎಷ್ಟು ಮುಖ್ಯ ಎಂದು ನೋಡಿ. ಹಳೆಯದು 0.4 ಮಿ.ಮೀ. ಕಾಗದವಿದ್ದು, ನೀವು ಅದರ ಬದಲು ದಪ್ಪವೇ ಇಲ್ಲದ ಟ್ಯೂಬಿನ ಅಂಟು ಬಳಿದರೆ ಕವರ್ ಅಷ್ಟೇ ಒಳಕ್ಕೆ ಬರುತ್ತದೆ. ಎಂಡ್ ಪ್ಲೇ 0.3 ಇದ್ದ ಶಾಫ್ಟ್ ಈಗ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಹತ್ತೇ ನಿಮಿಷದಲ್ಲಿ ಪೆಟ್ಟಿಗೆ ಕಾದು ಹೊಗೆಯಾಡುತ್ತದೆ. ತಪ್ಪನ್ನು ಹೊಸ ಬೇರಿಂಗಿನ ಮೇಲೆ ಹಾಕಲಾಗುತ್ತದೆ.

ಹಲ್ಲಿನ ಆಟ ಅಳೆಯಲು ಜೊತೆ ಗೇರನ್ನು ಅಲುಗಾಡದಂತೆ ಹಿಡಿದು, ಅಳೆಯುವ ಗೇರಿನ ಹಲ್ಲಿನ ಮೇಲೆ ಗೇಜಿನ ಮೊನೆ ಇಟ್ಟು ಹಿಂದೆ ಮುಂದೆ ಅಲ್ಲಾಡಿಸಿ. ಮಾಡ್ಯೂಲಿನ 0.04ರಿಂದ 0.05 ಪಟ್ಟು ಎಂಬುದು ಒಂದು ಬಳಕೆಯ ಲೆಕ್ಕ. 3ರ ಹತ್ತಿರದ ಮಾಡ್ಯೂಲಿಗೆ 0.12ರಿಂದ 0.16 ಮಿ.ಮೀ. ಹಳೆಯ ಪೆಟ್ಟಿಗೆಯಲ್ಲಿ ಇದರ ಎರಡರಷ್ಟಿದ್ದರೂ ಓಡುತ್ತದೆ. ತೀರ ಕಡಿಮೆ ಇರುವುದೇ ಹೆಚ್ಚು ಅಪಾಯ. ಗೇಜ್ ಇಡಲು ಜಾಗವಿಲ್ಲದಿದ್ದರೆ ಕವರ್ ಮುಚ್ಚುವ ಮುನ್ನ ಬೆಸುಗೆಯ ತಂತಿಯ ತುಂಡನ್ನು ಹಲ್ಲುಗಳ ನಡುವೆ ಹಾಯಿಸಿ, ಹಲ್ಲಿನ ಎರಡು ಪಕ್ಕಗಳಲ್ಲಿ ಚಪ್ಪಟೆಯಾದ ಭಾಗಗಳ ದಪ್ಪ ಕೂಡಿಸಿ. ಗೇರಿನ ಸುತ್ತ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಕಡೆ ಬೇರೆ ಬೇರೆ ಬಂದರೆ ಶಾಫ್ಟ್ ಬಾಗಿದೆ ಅಥವಾ ಗೇರ್ ನಡುಸಾಲು ತಪ್ಪಿ ಕೂತಿದೆ.

ಕೊನೆಗೆ ಒಂದೆರಡು ಹಲ್ಲಿಗೆ ನೀಲಿ ಲೇಪನ ತೆಳ್ಳಗೆ ಹಚ್ಚಿ ತಿರುಗಿಸಿ. ಜೊತೆ ಹಲ್ಲಿನ ಮೇಲೆ ಗುರುತು ಅಗಲದ ನಡುವೆ ಬಂದರೆ ಸರಿ. ಒಂದೇ ಅಂಚಿಗೆ ಬಂದರೆ ಬೇರಿಂಗ್ ಗೂಡಿನಲ್ಲಿ ಪೂರ್ತಿ ಕೂತಿಲ್ಲ ಅಥವಾ ಗೂಡೇ ಸವೆದಿದೆ. ನನ್ನ ಮೊದಲ ಎಡವಟ್ಟು ಈ ನೀಲಿಯ ಮುಂದೆ ಐದೇ ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಸೀಲ್, ಮುಚ್ಚುವುದು, ಎಣ್ಣೆ

ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ. ತುಟಿಗೆ ಗ್ರೀಸ್ ಹಚ್ಚಿ, ಕೀವೇಯ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಜಾರಿಸಿ, ಇಲ್ಲವಾದರೆ ಕೀವೇ ಅಂಚು ತುಟಿಯನ್ನು ಬ್ಲೇಡಿನಂತೆ ಸೀಳುತ್ತದೆ. ಶಾಫ್ಟಿನಲ್ಲಿ ಹಳೆಯ ತುಟಿ ಕೊರೆದ ಉಗುರಿಗೆ ಸಿಗುವಂಥ ತೋಡು ಇದ್ದರೆ ಸೀಲನ್ನು ಒಂದೆರಡು ಮಿ.ಮೀ. ಒಳಗೋ ಹೊರಗೋ ಕೂರಿಸಿ ಹೊಸ ಜಾಗದಲ್ಲಿ ಓಡುವಂತೆ ಮಾಡಿ. ಜಾಗವಿಲ್ಲದಿದ್ದರೆ ಕಾಲು ಮಿ.ಮೀ.ನಷ್ಟು ತೆಳುವಾದ ಸ್ಟೀಲ್ ಸ್ಲೀವ್ ಸಿಗುತ್ತದೆ, ಅದೇ ಸೀಲ್ ನಡೆಯುತ್ತದೆ.

ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 8.8 ದರ್ಜೆಯ ಎಂ8 ಬೋಲ್ಟಿಗೆ ಉಕ್ಕಿನಲ್ಲಿ ಸುಮಾರು 25 ನ್ಯೂಟನ್-ಮೀಟರ್. ಅಲ್ಯುಮಿನಿಯಂ ಮರೆಯಾದರೆ ಅದಕ್ಕಿಂತ ಕಡಿಮೆಗೆ ನಿಲ್ಲಿಸಿ.

ಎಣ್ಣೆಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಜಿಎಲ್-5 ಗೇರ್ ಆಯಿಲ್ ಹೆಚ್ಚು ಬಲವಾದದ್ದು, ಹಾಗಾಗಿ ಹೆಚ್ಚು ಒಳ್ಳೆಯದು ಎಂದು ಮಾರುತ್ತಾರೆ. ಅದರಲ್ಲಿರುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ಕಂಚು, ಹಿತ್ತಾಳೆಯನ್ನು ತಿನ್ನಬಲ್ಲವು. ಕಂಚಿನ ಬುಷ್ ಇರುವ ಹಳೆಯ ಪೆಟ್ಟಿಗೆಗೆ ಕೈಪಿಡಿ ಬೇರೆ ಹೇಳದಿದ್ದರೆ ಜಿಎಲ್-4, ಎಸ್‌ಎಇ 90 ಹಾಕುತ್ತೇನೆ. 90 ಎಂಬ ಅಂಕಿ ನೋಡಿ ಗಾಬರಿ ಬೇಡ, ಅದು ಬೇರೆ ಮಾಪನ. ದಪ್ಪದಲ್ಲಿ ಅದು 40 ಅಥವಾ 50ರ ಎಂಜಿನ್ ಆಯಿಲಿನಷ್ಟೇ. ಕೆಲವು ಸಣ್ಣ ಪೆಟ್ಟಿಗೆಗಳಿಗೆ ಎಣ್ಣೆಯಲ್ಲ, ಸುರಿಯುವಷ್ಟು ತೆಳುವಾದ 00 ದರ್ಜೆಯ ಗ್ರೀಸ್ ಬೇಕು. ಮಾಮೂಲಿ ಗಟ್ಟಿ ಗ್ರೀಸ್ ತುಂಬಿದರೆ ಗೇರುಗಳು ಅದರಲ್ಲಿ ಹಾದಿ ಕೊರೆದುಕೊಂಡು ಒಣಗಿಯೇ ತಿರುಗುತ್ತವೆ. ಎಣ್ಣೆ ಮಟ್ಟದ ಪ್ಲಗ್ಗಿನ ತನಕ ಮಾತ್ರ ಹಾಕಿ. ಹೆಚ್ಚಾದರೆ ಗೇರುಗಳು ಕಡೆದು ಕಡೆದು ನೊರೆಯೆಬ್ಬಿಸಿ ಬಿಸಿ ಮಾಡುತ್ತವೆ.

ಓಡಿಸಿ ನೋಡುವುದು

ಚಕ್ರ ನೆಲ ಬಿಟ್ಟಿರುವಾಗಲೇ, ಎಂಜಿನ್ ಮೆಲ್ಲಗಿಟ್ಟು ಮುಂದಕ್ಕೆ ಹತ್ತು ನಿಮಿಷ, ಹಿಂದಕ್ಕೆ ಐದು ನಿಮಿಷ ಓಡಿಸಿ. ಬಟ್ಟೆ, ಕೈ ತಿರುಗುವ ಭಾಗಗಳಿಂದ ದೂರವಿರಲಿ. ನಿಲ್ಲಿಸಿ ಪ್ರತಿ ಬೇರಿಂಗ್ ಗೂಡಿನ ಮೇಲೆ ಅಂಗೈ ಇಡಿ. ಸುಮಾರು 60 ಡಿಗ್ರಿ ದಾಟಿದರೆ ಅಂಗೈ ಕೆಲವು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ. ಭಾರವಿಲ್ಲದೆಯೇ ಅಷ್ಟು ಬಿಸಿಯಾದರೆ, ಅದರಲ್ಲೂ ಒಂದೇ ಗೂಡು ಮಿಕ್ಕವುಗಳಿಗಿಂತ ಬಿಸಿಯಾದರೆ, ಎಂಡ್ ಪ್ಲೇ ಕಡಿಮೆಯಾಗಿದೆ. ಮತ್ತೆ ಬಿಚ್ಚಲು ಬೇಜಾರಾಗುತ್ತದೆ, ಆದರೂ ಬಿಚ್ಚಿ.

ಸರಿಯಿದ್ದರೆ ಇಳಿಸಿ, ಮೊದಲ ಕೆಲವು ಗಂಟೆ ಹಗುರ ಕೆಲಸ ಮಾತ್ರ ಕೊಡಿ. ಹೊಸ ಗೇರ್ ಜೋಡಿಯ ದನಿ ಮೊದಲಿಗೆ ಸ್ವಲ್ಪ ಒರಟಾಗಿದ್ದು ಮೆಲ್ಲಗೆ ಇಳಿಯುತ್ತದೆ. ಏರುತ್ತ ಹೋದರೆ ನಿಲ್ಲಿಸಿ. ಸುಮಾರು ಹತ್ತು ಗಂಟೆ ಓಡಿದ ಮೇಲೆ ಎಣ್ಣೆಯನ್ನು ಬೆಚ್ಚಗಿರುವಾಗ ಇಳಿಸಿ, ಮತ್ತೆ ಬಿಳಿ ಬಟ್ಟೆಯಲ್ಲಿ ಸೋಸಿ. ಮಸಿಯಂಥ ಪುಡಿ ಬರುತ್ತದೆ, ಬರಲಿ. ಚಕ್ಕೆ ಇರಬಾರದು, ಹಳದಿ ಮಿನುಗು ಮೊದಲಿಗಿಂತ ಕಡಿಮೆಯಿರಬೇಕು. ಕವರ್ ಬೋಲ್ಟುಗಳ ಬಿಗಿ ಒಮ್ಮೆ ನೋಡಿ, ಹೊಸ ಎಣ್ಣೆ ತುಂಬಿ, ಪ್ಲಗ್ ಹಾಕುವ ಮೊದಲು ಬ್ರೀದರನ್ನು ಮತ್ತೊಮ್ಮೆ ಊದಿ ನೋಡಿ.